ಹೊರಡುವಾಗ ಉರಿದ ಟ್ರೇಲರ್ ಲೈಟ್ ತಪಾಸಣೆ ಹೊತ್ತಿಗೆ ಯಾಕೆ ಆರಿರುತ್ತದೆ?

ಪ್ರಶ್ನೆ: ಅಮೆರಿಕದಲ್ಲಿ ಟ್ರೇಲರ್ ಓಡಿಸುತ್ತೇನೆ. ಬೆಳಗ್ಗೆ ಹೊರಡುವಾಗ ಸುತ್ತ ಒಂದು ರೌಂಡ್ ಹೊಡೆದು ನೋಡಿದ್ದೆ, ಎಲ್ಲ ಲೈಟೂ ಉರಿಯುತ್ತಿದ್ದವು. ಮೂರು ಗಂಟೆ ಬಿಟ್ಟು ದಾರಿಯಲ್ಲಿ ತಪಾಸಣೆ ಆಯಿತು, ಎಡಗಡೆ ಬ್ರೇಕ್ ಲೈಟ್ ಉರಿಯುತ್ತಿಲ್ಲ ಅಂದರು. ಬಲ್ಬ್ ಬದಲಿಸಿದೆ, ಮತ್ತೆ ಅದೇ ಕತೆ. ಏನು ಮಾಡಲಿ?

ಉತ್ತರ: ಹೊಸ ಬಲ್ಬೂ ಕೈಕೊಟ್ಟಿತು ಅಂದರೆ ಬಲ್ಬನ್ನು ಬಿಡಿ, ಅರ್ಥ್ ನೋಡಿ, ಅಂದರೆ ಕರೆಂಟ್ ವಾಪಸ್ ಬರುವ ದಾರಿ. ಟ್ರೇಲರ್ ಲೈಟಿನ ತೊಂದರೆಗಳಲ್ಲಿ ಜನ ಕೊನೆಗೆ ನೋಡುವುದು ಅದನ್ನೇ, ಮೊದಲು ನೋಡಬೇಕಾದದ್ದೂ ಅದನ್ನೇ.

ಟ್ರಕ್ಕಿನಿಂದ ಟ್ರೇಲರ್‌ಗೆ ಹೋಗುವ ಸುರುಳಿ ಕೇಬಲ್ಲಿನೊಳಗೆ 7 ವೈರ್ ಇರುತ್ತವೆ. ಹಳದಿ ಎಡ ಇಂಡಿಕೇಟರ್‌ಗೆ, ಹಸಿರು ಬಲಕ್ಕೆ, ಕೆಂಪು ಬ್ರೇಕ್ ಲೈಟಿಗೆ, ಕಂದು ಟೇಲ್ ಲೈಟಿಗೆ, ಕಪ್ಪು ಪಕ್ಕದ ಮತ್ತು ಮೇಲಿನ ಸಣ್ಣ ಲೈಟುಗಳಿಗೆ, ನೀಲಿ ಎಬಿಎಸ್‌ಗೆ (ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ). ಉಳಿದದ್ದು ಬಿಳಿ, ಅದೇ ಅರ್ಥ್. ಆ ಆರು ವೈರಿನಲ್ಲಿ ಹೋದ ಕರೆಂಟ್ ವಾಪಸ್ ಬರಬೇಕಾದದ್ದು ಈ ಒಂದೇ ಬಿಳಿ ವೈರಿನಲ್ಲಿ. ಅಲ್ಲಿ ಕಿಲುಬು ಹಿಡಿದರೆ ಇಡೀ ಟ್ರೇಲರ್ ನರಳುತ್ತದೆ.

ಪ್ಲಗ್ ಎಳೆದು ಟಾರ್ಚ್ ಹಾಕಿ ಒಳಗೆ ನೋಡಿ. ಲೋಹ ಹೊಳೆಯಬೇಕು. ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕೂತಿದ್ದರೆ ಕಳ್ಳ ಸಿಕ್ಕ ಹಾಗೆ. ಉಜ್ಜಿ ತೆಗೆದು, ನೀರು ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ.

ಎಲ್ಲ ಲೈಟೂ ಒಟ್ಟಿಗೆ ಮಂಕಾದರೆ ಗುಮಾನಿ ಈ ಪ್ಲಗ್ ಮೇಲೆ. ನಿಮ್ಮ ಹಾಗೆ ಒಂದೇ ಲೈಟ್ ಸತ್ತಿದ್ದರೆ ಆ ಲೈಟಿನ ಹಿಂಭಾಗ ನೋಡಿ: ಅದರ ಸಣ್ಣ ಪ್ಲಗ್, ಅಲ್ಲಿಂದ ಚಾಸಿಗೆ ಬೋಲ್ಟ್ ಹಾಕಿದ ಅರ್ಥ್ ವೈರ್. ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಇದ್ದರೆ ನಿಂತ ಗಾಡಿಯಲ್ಲಿ ಹೇಗೋ ತಾಗಿಕೊಂಡು ಉರಿಯುತ್ತದೆ, ರಸ್ತೆ ಕುಲುಕಿದಾಗ ಬಿಟ್ಟುಹೋಗುತ್ತದೆ. ಬೆಳಗ್ಗೆ ಉರಿದದ್ದು ಆಮೇಲೆ ಆರಿದ್ದು ಹೀಗೇ ಇರಬೇಕು.

ಇನ್ನೊಂದು ಗುರುತು ಹೇಳುತ್ತೇನೆ. ಇಂಡಿಕೇಟರ್ ಹಾಕಿದರೆ ಪಕ್ಕದ ಟೇಲ್ ಲೈಟೂ ಮಿಣಿಮಿಣಿ ಅನ್ನುತ್ತದಾ? ಬ್ರೇಕ್ ತುಳಿದರೆ ಬೇರೆ ಲೈಟು ಮಂಕಾಗುತ್ತದಾ? ಅರ್ಥ್ ಸರಿಯಿಲ್ಲದೆ ಕರೆಂಟ್ ಬೇರೆ ಬಲ್ಬಿನೊಳಗೆ ನುಗ್ಗಿ ದಾರಿ ಹುಡುಕುತ್ತಿದೆ ಅಂತ ಅರ್ಥ. ಅದಕ್ಕೇ ಒಂದೊಂದೇ ಲೈಟ್ ಹಾಕಿ ನೋಡಿದರೆ ಸಾಲದು. ಎಲ್ಲವನ್ನೂ ಹಾಕಿ, ಇಂಡಿಕೇಟರನ್ನೂ ಹಾಕಿಟ್ಟು, ಬ್ರೇಕ್ ಪೆಡಲಿಗೆ ಒಂದು ಕೋಲು ಆನಿಸಿ ಒತ್ತಿಟ್ಟು ಹಿಂದೆ ಹೋಗಿ ನೋಡಿ. ಪೂರ್ತಿ ಲೋಡ್ ಬಿದ್ದಾಗಲೇ ಸಡಿಲ ಕನೆಕ್ಷನ್ ಬಾಯಿಬಿಡುತ್ತದೆ. ಮಂಕಾಗುವುದನ್ನೂ ಹಗುರವಾಗಿ ತಗೋಬೇಡಿ. ಮಾಮೂಲಿ ಬಲ್ಬಿಗೆ ಸಿಗುವ ವೋಲ್ಟೇಜ್ 10 ಶೇಕಡಾ ಇಳಿದರೆ ಬೆಳಕು ಹತ್ತಿರಹತ್ತಿರ 30 ಶೇಕಡಾ ಕಮ್ಮಿಯಾಗುತ್ತದೆ. ಮಳೆಯಲ್ಲಿ ಹಿಂದೆ ಬರುವ ಕಾರಿನವನಿಗೆ ಅದು ಬಹಳ ದೊಡ್ಡ ವ್ಯತ್ಯಾಸ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಕರೆಂಟ್ ಬರುತ್ತಿದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪಿನ ಸೂಜಿಯನ್ನು ವೈರಿನ ಮೈಗೆ ಚುಚ್ಚಬೇಡಿ. ಆ ಸಣ್ಣ ತೂತಿನಿಂದ ನೀರು ಒಳಗಿಳಿದು, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪೂ ಸೇರಿ, ತಾಮ್ರ ಒಳಗೊಳಗೇ ತಿಂದುಹೋಗುತ್ತದೆ, ಹೊರಗಡೆ ಏನೂ ಕಾಣುವುದಿಲ್ಲ.

ತಪಾಸಣೆಯವರು ಬ್ರೇಕ್ ಲೈಟ್, ಇಂಡಿಕೇಟರ್ ಅಷ್ಟೇ ನೋಡುವುದಿಲ್ಲ. 80 ಇಂಚು ಮತ್ತು ಅದಕ್ಕಿಂತ ಅಗಲದ ಟ್ರೇಲರ್ ಆದರೆ ಹಿಂದುಗಡೆ ನಡುವೆ ಮೂರು ಕೆಂಪು ಲೈಟ್ ಸಾಲಾಗಿರಬೇಕು. ಪಕ್ಕದಲ್ಲಿ ಮುಂದೆ ಹಳದಿ, ಹಿಂದೆ ಕೆಂಪು. ಉದ್ದ 30 ಅಡಿ ಮುಟ್ಟಿದರೆ ನಡುವೆಯೂ ಒಂದು ಹಳದಿ ಬೇಕು. ಕೆಂಪು-ಬಿಳಿ ಹೊಳೆಯುವ ಪಟ್ಟಿಯ ನಿಯಮ 1993ರ ಡಿಸೆಂಬರ್‌ನಿಂದ ತಯಾರಾದ ದೊಡ್ಡ ಟ್ರೇಲರ್‌ಗಳಿಗೆ ಬಂತು, ಆಮೇಲೆ ಹಳೆಯವಕ್ಕೂ ಹಾಕಿಸಬೇಕಾಯಿತು. ಪಟ್ಟಿ ಇದ್ದೂ ಮಣ್ಣು ಮೆತ್ತಿದ್ದರೆ ಇಲ್ಲದ ಹಾಗೇ ಅಲ್ವಾ? ಒಂದು ಒದ್ದೆ ಬಟ್ಟೆ ಸಾಕು, ಎರಡು ನಿಮಿಷದ ಕೆಲಸ.

ಅಲ್ಲಿನ ನಿಯಮದ ಪ್ರಕಾರ ಇರಬೇಕಾದ ಲೈಟೆಲ್ಲ ಯಾವಾಗಲೂ ಉರಿಯುವ ಸ್ಥಿತಿಯಲ್ಲಿರಬೇಕು, ಹಗಲು ಅಂತ ರಿಯಾಯಿತಿ ಇಲ್ಲ. ಪಕ್ಕದ ಒಂದು ಸಣ್ಣ ಲೈಟ್ ಹೋಗಿದ್ದರೆ ಸಾಮಾನ್ಯವಾಗಿ ಬರೆದುಕೊಂಡು ಬಿಡುತ್ತಾರೆ. ಆದರೆ ಹಿಂದುಗಡೆ ಬ್ರೇಕ್ ಲೈಟ್ ಒಂದೂ ಉರಿಯದಿದ್ದರೆ ರಿಪೇರಿ ಆಗುವ ತನಕ ಗಾಡಿ ಕದಲಿಸುವ ಹಾಗಿಲ್ಲ.

ಇನ್ನು ಕೈಗೆ ಕೊಟ್ಟ ತಪಾಸಣೆ ವರದಿ. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಸುಮ್ನೆ ಬಿಡಬೇಡಿ, ಕಂಪನಿಗೆ ತಲುಪಿಸಿ. ರಿಪೇರಿ ಆಗಿದೆ ಅಂತ ಅವರು ಸಹಿ ಹಾಕಿ 15 ದಿನದೊಳಗೆ ವಾಪಸ್ ಕಳಿಸಬೇಕು. ಸಹಿ ಬೀಳುವ ಮುಂಚೆ ಕೋಲು ಆನಿಸಿ ಇನ್ನೊಂದು ಸಲ ಹಿಂದೆ ಹೋಗಿ ನೋಡಿಬಿಡಿ.