ಅಪಧಮನಿಯ ಗೋಡೆಯೊಳಗಿನ ಉರಿಯೂತ: ಓದುವಾಗ ಗಮನಿಸಬೇಕಾದದ್ದು

ಅಥೆರೋಸ್ಕ್ಲೆರೋಸಿಸ್ (ಅಪಧಮನಿಯ ಗೋಡೆಯಲ್ಲಿ ಕೊಬ್ಬು ಸೇರುವ ಕಾಯಿಲೆ) ಅಂದರೆ ಪೈಪಿನೊಳಗೆ ಜಿಡ್ಡು ಕಟ್ಟಿದ ಹಾಗೆ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ. ಕೊಬ್ಬು ಸೇರುವುದು ಗೋಡೆಯ ಒಳಗೆ, ಇಂಟಿಮಾ ಎಂಬ ಒಳಪದರದಲ್ಲಿ. ಅದು ಸುಮ್ನೆ ಬಿದ್ದಿರುವುದೂ ಇಲ್ಲ.

ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಎಲ್‌ಡಿಎಲ್ ಕಣಗಳು ನಾಳದ ಒಳಮೈ ಹೊದಿಕೆಯಾದ ಎಂಡೋಥೀಲಿಯಂ ದಾಟಿ ಇಂಟಿಮಾದಲ್ಲಿ ಸಿಕ್ಕಿಕೊಂಡು ಆಕ್ಸಿಡೀಕರಣಗೊಳ್ಳುತ್ತವೆ. ಕೆರಳಿದ ಎಂಡೋಥೀಲಿಯಂ ಮೇಲೆ ವಿಕ್ಯಾಮ್-1 ಎಂಬ ಪ್ರೋಟೀನ್ ಮೂಡುತ್ತದೆ. ರಕ್ತದಲ್ಲಿ ಹೋಗುತ್ತಿದ್ದ ಮೊನೊಸೈಟ್ ಎಂಬ ಬಿಳಿ ರಕ್ತಕೋಶ ಅದಕ್ಕೆ ಅಂಟಿ, ಒಳಗೆ ನುಸುಳಿ, ಸಿಕ್ಕಿದ್ದನ್ನು ನುಂಗುವ ಮ್ಯಾಕ್ರೊಫೇಜ್ ಆಗುತ್ತದೆ. ಇಲ್ಲೇ ಸ್ವಲ್ಪ ನಿಲ್ಲಿ. ಕೋಶದಲ್ಲಿ ಕೊಲೆಸ್ಟರಾಲ್ ಜಾಸ್ತಿಯಾದರೆ ಅದನ್ನು ಒಳಗೆಳೆಯುವ ಮಾಮೂಲಿ ಎಲ್‌ಡಿಎಲ್ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ. ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ಹಿಡಿಯುವ ಸ್ಕ್ಯಾವೆಂಜರ್ ರಿಸೆಪ್ಟರ್‌ಗಳಿಗೆ ಆ ಲಗಾಮಿಲ್ಲ. ಮ್ಯಾಕ್ರೊಫೇಜ್ ನುಂಗುತ್ತಲೇ ಹೋಗಿ ಕೊಬ್ಬು ತುಂಬಿದ ಫೋಮ್ ಸೆಲ್ ಆಗುತ್ತದೆ.

ಮುಂದೆ ಕೊಲೆಸ್ಟರಾಲ್ ಹರಳುಗಳು ಕೋಶದೊಳಗೆ ಉರಿಯೂತ ಶುರುಮಾಡುವ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮನ್ನು ಎಬ್ಬಿಸುತ್ತವೆ. ಅದರಿಂದ ಐಎಲ್-1 ಬೀಟಾ, ಅದರಿಂದ ಐಎಲ್-6 (ಎರಡೂ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್‌ಗಳು), ಅದರ ಮಾತು ಕೇಳಿ ಯಕೃತ್ತಿನಿಂದ ಸಿಆರ್‌ಪಿ ಎಂಬ ಪ್ರೋಟೀನ್. ಸಿಆರ್‌ಪಿಯನ್ನು ಉರಿಯೂತದ ಗುರುತು ಅಂತ ಬರೆಯಿರಿ, ಕಾರಣ ಅಂತ ಅಲ್ಲ.

ಹೀಗೆ ಬೆಳೆದ ಕೊಬ್ಬಿನ ಗಂಟು, ಅಂದರೆ ಪ್ಲಾಕ್, ಒಡೆಯುವುದಕ್ಕೂ ಉರಿಯೂತದ ಕೋಶಗಳೇ ಹೊಣೆ. ಟಿ ಕೋಶಗಳು (ಇನ್ನೊಂದು ಬಗೆಯ ಬಿಳಿ ರಕ್ತಕೋಶ) ಬಿಡುವ ಇಂಟರ್‌ಫೆರಾನ್ ಗಾಮಾ, ಪ್ಲಾಕ್ ಮೇಲಿನ ಪದರಕ್ಕೆ ಬಲ ಕೊಡುವ ನಾರಿನ ಪ್ರೋಟೀನ್ ಕೊಲಾಜನ್‌ನ ಹೊಸ ತಯಾರಿ ತಗ್ಗಿಸುತ್ತದೆ. ಮ್ಯಾಕ್ರೊಫೇಜ್‌ಗಳ ಕಿಣ್ವಗಳು ಇರುವ ಕೊಲಾಜನ್ನನ್ನೂ ಕರಗಿಸುತ್ತವೆ. ಮೇಲಿನ ನಾರಿನ ಪದರ ತೆಳುವಾಗಿ ಹರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಅಷ್ಟೇನೂ ಕಟ್ಟಿಕೊಳ್ಳದ ನಾಳದಲ್ಲೂ ಹೃದಯಾಘಾತ ಆಗುವುದು ಹೀಗೇ.

ವಿಜ್ಞಾನಿ ರಸೆಲ್ ರಾಸ್ 1999ರಲ್ಲೇ ಅಥೆರೋಸ್ಕ್ಲೆರೋಸಿಸನ್ನು ಉರಿಯೂತದ ಕಾಯಿಲೆ ಎಂದು ಬರೆದಿದ್ದರು. ಆದರೆ ಉರಿಯೂತ ಜೊತೆಗಿದೆಯೋ, ಅದೇ ಕಾರಣವೋ? ಮನುಷ್ಯರಲ್ಲಿ ಗಟ್ಟಿ ಉತ್ತರ ಸಿಕ್ಕಿದ್ದು 2017ರ ಕ್ಯಾಂಟೋಸ್ ಪ್ರಯೋಗದಲ್ಲಿ. ಒಮ್ಮೆ ಹೃದಯಾಘಾತವಾಗಿ, ಸಿಆರ್‌ಪಿ ಲೀಟರಿಗೆ 2 ಮಿಲಿಗ್ರಾಂ ಅಥವಾ ಹೆಚ್ಚಿದ್ದ 10,061 ಜನರಲ್ಲಿ ಐಎಲ್-1 ಬೀಟಾ ತಡೆಯುವ ಕ್ಯಾನಕಿನುಮ್ಯಾಬ್ ಎಂಬ ಔಷಧ ಪರೀಕ್ಷಿಸಿದರು. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಸುಮಾರು 15% ಇಳಿಯಿತು. ಎಲ್‌ಡಿಎಲ್ ಮಾತ್ರ ಇಳಿದಿರಲಿಲ್ಲ! ಇಡೀ ಪಾಠದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಮಾತು. ಬೆಲೆಯೂ ಇತ್ತು: ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಿದವು.

ಹಾಗಂತ ಯಾವ ಉರಿಯೂತ ತಗ್ಗಿಸಿದರೂ ಆಯ್ತು ಅಂತಲ್ಲ. 2019ರಲ್ಲಿ ವರದಿಯಾದ ಪ್ರಯೋಗದಲ್ಲಿ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ (ಉರಿಯೂತ ತಗ್ಗಿಸುವ ಇನ್ನೊಂದು ಔಷಧ) ಐಎಲ್-1 ಬೀಟಾ, ಐಎಲ್-6, ಸಿಆರ್‌ಪಿ ಯಾವುದನ್ನೂ ಇಳಿಸಲಿಲ್ಲ, ಹೃದಯಕ್ಕೂ ಲಾಭವಾಗಲಿಲ್ಲ. ಗೌಟ್ ಎಂಬ ಕೀಲುನೋವಿಗೆ ಕೊಡುವ ಹಳೆಯ ಔಷಧ ಕಾಲ್ಚಿಸಿನ್ ದಿನಕ್ಕೆ 0.5 ಮಿಲಿಗ್ರಾಂನಷ್ಟು ಕೊಟ್ಟರೆ ಹೃದಯಕ್ಕೆ ಲಾಭವಿದೆ ಎಂದು ಕಂಡು, 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಹೃದಯಾಘಾತವಾದ ಕೂಡಲೇ ಶುರುಮಾಡಿದ ದೊಡ್ಡ ಪ್ರಯೋಗವೊಂದರಲ್ಲಿ, 2024ರಲ್ಲಿ, ಲಾಭ ಕಾಣಲಿಲ್ಲ. ಉತ್ತರದಲ್ಲಿ ಎರಡನ್ನೂ ಬರೆಯಿರಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಬದಲಿಗೆ ಅಂತ ಮಾತ್ರ ಬರೆಯಬೇಡಿ, ಕಾಲ್ಚಿಸಿನ್ ಅದರ ಜೊತೆಗೆ ಕೊಡುವಂಥದ್ದು.