ಕ್ಯಾನ್ಸರ್ ಶಸ್ತ್ರಚಿಕಿತ್ಸೆ, ಹೃದಯ ಮತ್ತು ಬಿ.ಪಿ. ಮಾತ್ರೆ

ಮೈಸೂರಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಗಡ್ಡೆ ತೆಗೆಯಲು ದಿನ ಗೊತ್ತಾದ ಮೇಲೆ ರೋಗಿಯನ್ನು ‘ಫಿಟ್‌ನೆಸ್’ಗೆಂದು ಫಿಜಿಷಿಯನ್ ಬಳಿ ಕಳುಹಿಸುತ್ತಾರೆ. ಇಸಿಜಿ, ಎಕೋ ಮುಗಿದಾಗ ಮನೆಯವರು ಕೇಳುವುದು ಒಂದೇ: ಆಪರೇಷನ್ ದಿನ ಬಿ.ಪಿ. ಮಾತ್ರೆ ಕೊಡಬೇಕೆ, ಬೇಡವೆ? ವೈದ್ಯಶಾಸ್ತ್ರ ಈ ಪ್ರಶ್ನೆಗೆ ಕೊಟ್ಟ ಉತ್ತರ ಹಲವು ಬಾರಿ ಬದಲಾಗಿದೆ.

1960ರ ದಶಕದಲ್ಲಿ ಬ್ರಿಟನ್ನಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನಲಾಲ್‌ನಿಂದ, ಹೃದಯದ ಬಡಿತ ನಿಧಾನಿಸಿ ಬಿ.ಪಿ. ಇಳಿಸುವ ಬೀಟಾ ಬ್ಲಾಕರ್‌ಗಳ ಬಳಕೆ ಹಬ್ಬಿತು. ಅರಿವಳಿಕೆಯಲ್ಲಿ ಹೃದಯ ಸೋತೀತೆಂಬ ಭಯದಿಂದ ಮೊದಮೊದಲು ಶಸ್ತ್ರಚಿಕಿತ್ಸೆಗೆ ಮುಂಚೆ ಅವನ್ನು ನಿಲ್ಲಿಸುತ್ತಿದ್ದರು. ಹಠಾತ್ತನೆ ನಿಲ್ಲಿಸಿದರೇ ಎದೆನೋವು, ಹೃದಯಾಘಾತ ಬರಬಹುದೆಂದು 1970ರ ದಶಕದಲ್ಲಿ ಅರಿವಾಯಿತು. ಇದೇ ಗುಂಪಿನ ಅಟೆನೊಲಾಲ್ ಕುರಿತು 1996ರಲ್ಲಿ, ಬೈಸೊಪ್ರೊಲಾಲ್ ಕುರಿತು 1999ರಲ್ಲಿ ಬಂದ ಸಣ್ಣ ಅಧ್ಯಯನಗಳು, ಇವು ಶಸ್ತ್ರಚಿಕಿತ್ಸೆಯ ವೇಳೆ ಹೃದಯವನ್ನು ಕಾಪಾಡುತ್ತವೆಂಬ ಆಸೆ ಹುಟ್ಟಿಸಿದವು. ಎರಡನೆಯದರ ನೇತೃತ್ವ ವಹಿಸಿದ್ದ ಡಚ್ ಸಂಶೋಧಕನನ್ನು 2011ರಲ್ಲಿ ವಿಶ್ವವಿದ್ಯಾಲಯವು ಸಂಶೋಧನಾ ಅಕ್ರಮಕ್ಕಾಗಿ ವಜಾ ಮಾಡಿತು.

ಅಷ್ಟರಲ್ಲಾಗಲೇ, 2008ರಲ್ಲಿ, ‘ಪಾಯ್ಸ್’ ಅಧ್ಯಯನದ ಫಲಿತಾಂಶ ಬಂದಿತ್ತು. ಹೃದಯೇತರ ಶಸ್ತ್ರಚಿಕಿತ್ಸೆಗೆ ಒಳಗಾದ 8,351 ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ಶಸ್ತ್ರಚಿಕಿತ್ಸೆಗೆ ಕೆಲವೇ ಗಂಟೆ ಮುಂಚೆ, ದೊಡ್ಡ ಪ್ರಮಾಣದಲ್ಲಿ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಆರಂಭಿಸಲಾಗಿತ್ತು. ಸಾವಿರ ಮಂದಿಗೆ ಸುಮಾರು 15 ಹೃದಯಾಘಾತಗಳು ತಪ್ಪಿದವು. ಆದರೆ 8 ಸಾವು, 5 ಪಾರ್ಶ್ವವಾಯು ಹೆಚ್ಚಾದವು. ರಕ್ತ ಸೋರಿದಾಗಲೋ ಸೋಂಕು ತಗುಲಿದಾಗಲೋ ಹೃದಯ ವೇಗವಾಗಿ ಬಡಿದು ದೇಹವನ್ನು ಕಾಪಾಡಬೇಕು. ಮಾತ್ರೆ ಆ ವೇಗವನ್ನೇ ತಡೆದರೆ ಒತ್ತಡ ಕುಸಿದು ಮಿದುಳಿಗೆ ರಕ್ತ ಸಾಲದಾಗುತ್ತದೆ. ಗಂಟೆಗಟ್ಟಲೆ ನಡೆಯುವ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ, ಅದರಲ್ಲೂ ರಕ್ತಹೀನತೆಯಿಂದ ಬಳಲುವವರಲ್ಲಿ ಮತ್ತು ಡಾಕ್ಸೊರುಬಿಸಿನ್‌ನಂಥ ಕೀಮೋದಿಂದ ಹೃದಯ ದುರ್ಬಲವಾದವರಲ್ಲಿ, ಇದು ನಿಜಕ್ಕೂ ಕಳವಳದ ಸಂಗತಿ.

ಹೀಗಾಗಿ, ಮೊದಲಿಂದಲೂ ನುಂಗುತ್ತಿರುವ ಬೀಟಾ ಬ್ಲಾಕರ್ ಮುಂದುವರಿಯಲಿ, ಆದರೆ ಶಸ್ತ್ರಚಿಕಿತ್ಸೆಯ ದಿನ ಹೊಸದಾಗಿ ಆರಂಭಿಸುವುದು ಬೇಡ ಎಂದು 2014ರ ಅಮೆರಿಕದ ಮಾರ್ಗಸೂಚಿ ಹೇಳಿತು. ಕ್ಯಾನ್ಸರ್ ತಿಂಗಳುಗಟ್ಟಲೆ ಕಾಯುವುದಿಲ್ಲವಾದ್ದರಿಂದ, ಹೊಸ ಮಾತ್ರೆ ಬೇಕೆಂದಾದರೆ ರೋಗ ಪತ್ತೆಯಾದ ಕೂಡಲೇ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ. ಅನ್ನನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಹೃದಯದ ಲಯ ತಪ್ಪುವುದನ್ನು ತಡೆಯಲು, ಪರಿಣಾಮ ಬೇಗ ಇಳಿದುಹೋಗುವ ಬೀಟಾ ಬ್ಲಾಕರ್ ಆದ ಲ್ಯಾಂಡಿಯೊಲಾಲ್ ಚುಚ್ಚುಮದ್ದನ್ನು ಜಪಾನಿನಲ್ಲಿ ಪರೀಕ್ಷಿಸಿದಾಗ ಒಳ್ಳೆಯ ಫಲ ಸಿಕ್ಕಿದೆ. ರಕ್ತನಾಳ ಸಡಿಲಿಸಿ ಬಿ.ಪಿ. ಇಳಿಸುವ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳ ಮಾತು ಬೇರೆ: 2024ರ ಫ್ರಾನ್ಸಿನ ಅಧ್ಯಯನದಲ್ಲಿ ಮುಂದುವರಿಸಿದರೂ ನಿಲ್ಲಿಸಿದರೂ ಸಾವು ಮತ್ತು ದೊಡ್ಡ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಮುಂದುವರಿಸಿದವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಬಿ.ಪಿ. ಹೆಚ್ಚಾಗಿ ಇಳಿಯಿತು.

ಮಂಡ್ಯದ ಹಳ್ಳಿಗಳಿಂದ ಬರುವ ಹಿರಿಯರು ತಮ್ಮ ಮಾತ್ರೆಯನ್ನು ‘ಬೆಳಿಗ್ಗೆಯ ಚಿಕ್ಕ ಬಿಳಿ ಗುಳಿಗೆ’ ಎಂದಷ್ಟೇ ಹೇಳುವುದುಂಟು. ಅದರ ಶೀಟನ್ನೇ ತಂದು ಅರಿವಳಿಕೆ ವೈದ್ಯರಿಗೆ ತೋರಿಸಬೇಕು. ಅದು ಮೆಟೊಪ್ರೊಲಾಲ್ ಆಗಿದ್ದರೆ ಖಾಲಿ ಹೊಟ್ಟೆಯಲ್ಲಿದ್ದರೂ ಒಂದು ಗುಟುಕು ನೀರಿನಲ್ಲಿ ನುಂಗಲು, ಟೆಲ್ಮಿಸಾರ್ಟನ್ ಆಗಿದ್ದರೆ ಹಿಂದಿನ ದಿನವೇ ನಿಲ್ಲಿಸಲು ಅವರು ಹೇಳಬಹುದು.