ಹೂವಿಲ್ಲದ ಗಿಡ ಫ್ಲವರ್ ಶೋಗೆ: ಹರ್ಬ್ ಡಿಸ್‌ಪ್ಲೇ ನೋಟ್ಸ್

ಮೊದ್ಲು ಒಂದು ವಿಷಯ ಒಪ್ಪಿಕೊಳ್ಳುವ. ಪಕ್ಕದ ಸ್ಟಾಲಲ್ಲಿ ಡೇಲಿಯಾ, ಸೇವಂತಿಗೆ ಎಲ್ಲ ಝಗಮಗ ಅಂತಿರ್ತದೆ, ನಮ್ಮದು ಹರ್ಬ್, ಅಂದ್ರೆ ಪರಿಮಳದ, ಮದ್ದಿನ ಸೊಪ್ಪಿನ ಗಿಡ, ಬರೀ ಹಸಿರು. ಹಾಗಾಗಿ ಎಲೆಯಲ್ಲೇ ಗೆಲ್ಬೇಕು. ಹಿಂದೆ ಉದ್ದಕ್ಕೆ ಲಾವಂಚ, ಮಜ್ಜಿಗೆಹುಲ್ಲು, ಅದರ ಮುಂದೆ ದಪ್ಪ ಎಲೆಯ ಸಾಂಬ್ರಾಣಿ (ಘಟ್ಟದ ಮೇಲಿನವರ ದೊಡ್ಡಪತ್ರೆ), ಬುಡದಲ್ಲಿ ಒಂದೆಲಗ. ಬಿಳಿ ಅಂಚಿನ ಸಾಂಬ್ರಾಣಿ ಪಕ್ಕ ಕೃಷ್ಣತುಳಸಿ ಇಟ್ರೆ ಬಣ್ಣಕ್ಕೆ ಅಷ್ಟು ಸಾಕು. ಒಂದೊಂದು ಜಾತಿ ಒಂದೊಂದೇ ಚಟ್ಟಿ (ಕುಂಡ) ಇಟ್ರೆ ನರ್ಸರಿ ಅಂಗಡಿ ಹಾಗೆ ಕಾಣ್ತದೆ, ಮೂರೋ ಐದೋ ಒಟ್ಟಿಗೆ ಇಡಿ.

ನಿಜವಾದ ಕಷ್ಟ ಇರುವುದು ಲೆಕ್ಕದಲ್ಲಿ, ಗಿಡ ಶೋ ದಿನವೇ ಚಂದ ಇರ್ಬೇಕಲ್ಲ, ಅದಕ್ಕೆ ಕ್ಯಾಲೆಂಡರಲ್ಲಿ ಆ ದಿನದಿಂದ ಹಿಂದಕ್ಕೆ ಎಣಿಸ್ಲಿಕ್ಕೆ ಉಂಟು. ಕಾಮಕಸ್ತೂರಿ ಬೀಜ 7-8 ವಾರ ಮುಂಚೆ ಹಾಕಿ, ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ, ಕೊನೆ ಸಲ ಚಿವುಟುವುದು ಶೋಗೆ ಎರಡು ವಾರ ಮೊದ್ಲು, ಇಲ್ಲದಿದ್ರೆ ಚಿವುಟಿದ ಗಾಯ ಎದ್ದು ಕಾಣ್ತದೆ. ಸಾಂಬ್ರಾಣಿ ಗೆಲ್ಲು ಊರಿದ್ರೆ 2-3 ವಾರದಲ್ಲಿ ಬೇರು ಬಿಡ್ತದೆ, ಪೊದೆ ಆಗ್ಲಿಕ್ಕೆ ಇನ್ನೂ ಒಂದೂವರೆ ತಿಂಗಳು ಕೊಡಿ. ಕೊತ್ತಂಬರಿ ನಂಬ್ಬೇಡಿ. ನನ್ನದು ನಮ್ಮ ಕಾಸರಗೋಡಿನ ಬದಿಯಡ್ಕದ ಸೆಕೆಗೆ ಶೋ ಹಿಂದಿನ ವಾರವೇ ದಂಟು ಎದ್ದು ಹೂ ಬಿಟ್ಟು ಕೂತಿತ್ತು, ಫ್ಲವರ್ ಶೋ ಅಂತ ಅದಕ್ಕೆ ಯಾರು ಹೇಳಿದ್ದೋ!

ಚಟ್ಟಿ ಕಾಣ್ಬಾರ್ದು. ಸುತ್ತ ಮುರಕಲ್ಲು (ಕೆಂಪುಕಲ್ಲು) ಕಟ್ಟಿ, ಒಳಗೆ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿಸಿ ಚಟ್ಟಿಗಳನ್ನ ಅಂಚಿನ ತನಕ ಹೂಳಿ. ಗಿಡ ಬಾಡಿದ್ರೆ ಚಟ್ಟಿ ಸಮೇತ ಎತ್ತಿ ಬೇರೆ ಇಡ್ಬಹುದು. ನೀರು ಬೇಕಾದ ಪುದೀನ, ಒಂದೆಲಗ, ಬ್ರಾಹ್ಮಿ (ಒಂದೆಲಗ ಅಲ್ಲ, ಬೇರೆ ನೀರುಗಿಡ, ಕೆಳಗೆ ಹೇಳ್ತೇನೆ) ಒಂದು ಬದಿಗೆ, ಸಾಂಬ್ರಾಣಿ ಇನ್ನೊಂದು ಬದಿಗೆ, ಯಾಕಂದ್ರೆ ಅದಕ್ಕೆ ನೀರು ಜಾಸ್ತಿ ಆದ್ರೆ ಬುಡ ಕೊಳೀತದೆ. ರೋಸ್‌ಮೇರಿ ಆಸೆ ಬಿಡಿ ಅಂತ ನನ್ನ ಅಭಿಪ್ರಾಯ, ಕರಾವಳಿ ತೇವಕ್ಕೆ ಅದನ್ನು ಉಳಿಸುವುದೇ ದೊಡ್ಡ ಪಾಡು.

ಈಗ ಲೇಬಲ್. ನಮ್ಮ ಕಾಸರಗೋಡಲ್ಲಿ ಇದೊಂದು ತಮಾಷೆ. ಕನ್ನಡದಲ್ಲಿ ಸುಮಾರು ಜನ ಒಂದೆಲಗಕ್ಕೇ ಬ್ರಾಹ್ಮಿ ಅಂತಾರೆ, ಮಲಯಾಳದವರಿಗೆ ಬ್ರಹ್ಮಿ ಅಂದ್ರೆ ಸಣ್ಣ ದಪ್ಪ ಎಲೆಯ ನೀರುಗಿಡ. ಜಡ್ಜ್ ಯಾವ ಭಾಷೆಯವರೋ ಗೊತ್ತಿಲ್ಲ, ಅದಕ್ಕೆ ಮೊದಲನೆಯದಕ್ಕೆ ಸೆಂಟೆಲ್ಲಾ ಏಷ್ಯಾಟಿಕಾ, ಎರಡನೆಯದಕ್ಕೆ ಬಕೋಪಾ ಮೊನ್ನಿಯೆರಿ ಅಂತ ಬರೆದು, ಕೆಳಗೆ ಊರಿನ ಹೆಸರು ಎರಡೂ ಲಿಪಿಯಲ್ಲಿ ಹಾಕಿ. ಚಂದದ ಡಿಸ್‌ಪ್ಲೇಗೆ ತಪ್ಪು ಹೆಸರು ಇದ್ರೆ ಮಾರ್ಕು ಹೋದದ್ದೇ.

ಮಾರ್ಕಿನ ಬಗ್ಗೆ ಒಂದು ಮಾತು. ಲಂಡನಿನ ಚೆಲ್ಸೀಯಲ್ಲಿ ಆಗುವ ಹೆಸರುವಾಸಿ ಫ್ಲವರ್ ಶೋದಲ್ಲಿ (1913ರಿಂದ ಅದೇ ಜಾಗ) ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸಿ ಮೆಡಲ್ ಕೊಡುವುದಿಲ್ಲ, ಒಂದು ಮಟ್ಟ ಇಟ್ಟುಕೊಂಡು ಗೋಲ್ಡ್, ಸಿಲ್ವರ್-ಗಿಲ್ಟ್ (ಚಿನ್ನದ ನೀರು ಕೊಟ್ಟ ಬೆಳ್ಳಿ), ಸಿಲ್ವರ್, ಬ್ರಾಂಜ್ ಕೊಡ್ತಾರೆ, ಒಂದೇ ವರ್ಷ ಹತ್ತಾರು ಗೋಲ್ಡ್ ಬರ್ಬಹುದು. ನಮ್ಮಲ್ಲಿ ಮಾಮೂಲಿ ಫಸ್ಟ್-ಸೆಕೆಂಡ್-ಥರ್ಡ್, ಆದ್ರೂ ತಯಾರಿ ಮಾಡುವಾಗ ಪಕ್ಕದ ಸ್ಟಾಲ್ ನೋಡದೆ ಆ ಮಟ್ಟ ನೋಡುವುದೇ ಒಳ್ಳೆದು.

ಪರಿಮಳದ ಗಿಡ ಕೈಗೆ ಎಟುಕುವ ಅಂಚಿನಲ್ಲಿ ಇಡಿ, ಜನ ಎಲೆ ಉಜ್ಜಿ ಮೂಸಿದ್ರೇ ಅದಕ್ಕೆ ಬೆಲೆ. ಆದ್ರೆ ಸಂಜೆಗೆ ಆ ಸಾಂಬ್ರಾಣಿ ಬೋಳು ಆಗ್ತದೆ, ಮೇಜಿನ ಕೆಳಗೆ ನಾಲ್ಕು ಚಟ್ಟಿ ಎಕ್ಸ್‌ಟ್ರಾ ಇರ್ಲಿ.